ಗೆದ್ದರೂ ಊರು ಬಿಡಬೇಕಾಗಿ ಬಂದ ವಾದ

ನಾನು ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಮಧ್ಯಯುಗದ ಯುರೋಪ್ ಶುರುವಾದರೆ ಕ್ಲಾಸು ತೂಕಡಿಸುತ್ತದೆ. ಅದಕ್ಕೇ ಒಂದು ವರ್ಷ 1263ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಯೆಹೂದಿಗಳಿಗೂ ಕ್ರೈಸ್ತರಿಗೂ ನಡೆದ ಧರ್ಮದ ವಾದವನ್ನು ಚರ್ಚಾಸ್ಪರ್ಧೆ ಥರ ಮಾಡಿಸಿದೆ. ಒಂದು ಗುಂಪು ಯೆಹೂದಿಗಳ ಪರ, ಇನ್ನೊಂದು ಕ್ರೈಸ್ತರ ಪರ. ತಲಾ ಮೂರು ನಿಮಿಷ, ಆಮೇಲೆ ಬೆಲ್, ಕೊನೆಗೆ ಬಹುಮಾನ.

ಆ ವಾದ ನಡೆದದ್ದು ಆ ಊರನ್ನು ಆಳುತ್ತಿದ್ದ ಅರಾಗಾನ್ ರಾಜ ಒಂದನೇ ಜೇಮ್ಸ್ ಎದುರು. ಕ್ರೈಸ್ತರ ಕಡೆ ಡೊಮಿನಿಕನ್ ಅನ್ನುವ ಕ್ರೈಸ್ತ ಸಂಘದ ಸನ್ಯಾಸಿ ಪಾಬ್ಲೊ ಕ್ರಿಸ್ತಿಯಾನಿ. ಹುಟ್ಟಿನಿಂದ ಯೆಹೂದಿ, ಆಮೇಲೆ ಕ್ರೈಸ್ತನಾದವನು. ಎದುರಿಗೆ ಜಿರೋನಾ ಊರಿನ ರಬ್ಬಿ, ಅಂದರೆ ಯೆಹೂದಿ ಧರ್ಮಗುರು, ಮೋಶೆ ಬೆನ್ ನಹ್ಮಾನ್, ವಯಸ್ಸು 70ರ ಹತ್ತಿರ. ಮೆಸ್ಸೀಯ, ಅಂದರೆ ದೇವರು ಕಳಿಸುವ ರಕ್ಷಕ, ಆಗಲೇ ಬಂದಾಗಿದೆ, ಅದನ್ನು ನಿಮ್ಮದೇ ಧರ್ಮಗ್ರಂಥ ತಾಲ್ಮುಡ್‌ನಿಂದಲೇ ತೋರಿಸುತ್ತೇನೆ ಅನ್ನುವುದು ಪಾಬ್ಲೊನ ಪಟ್ಟು.

ನಮ್ಮ ಕ್ಲಾಸಿನಲ್ಲಿ ರಬ್ಬಿ ಆಗಿದ್ದ ಹುಡುಗಿ ಚೆನ್ನಾಗಿ ಓದಿಕೊಂಡು ಬಂದಿದ್ದಳು. ‘ತಾಲ್ಮುಡ್‌ನ ಗುರುಗಳು ಯೇಸುವನ್ನೇ ಮೆಸ್ಸೀಯ ಅಂತ ನಂಬಿದ್ದರೆ, ಕೊನೇ ತನಕ ಯೆಹೂದಿಗಳಾಗೇ ಯಾಕೆ ಉಳಿದರು?’ ಅಂತ ಕೇಳಿದಳು. ರಬ್ಬಿ ಹೂಡಿದ್ದ ವಾದವೇ ಅದು. ಚಪ್ಪಾಳೆ ಬಿತ್ತು. ಬಹುಮಾನ ಅವಳಿಗೇ ಕೊಟ್ಟೆ.

ಬೋರ್ಡ್ ಒರೆಸುತ್ತಿದ್ದಾಗ ಯಾವತ್ತೂ ಬಾಯಿ ಬಿಡದ ಹುಡುಗನೊಬ್ಬ ಹತ್ತಿರ ಬಂದ. ‘ಮೇಡಂ, ನಿಜವಾಗ್ಲೂ ಗೆದ್ದಿದ್ರೆ ಆ ರಬ್ಬಿಗೆ ಏನ್ ಸಿಗ್ತಿತ್ತು?’

ಡಸ್ಟರ್ ಕೈಯಲ್ಲೇ ಉಳಿಯಿತು. ಉತ್ತರ ನನಗೆ ಗೊತ್ತಿತ್ತು, ಕ್ಲಾಸಿಗೆ ಹೇಳಿರಲಿಲ್ಲ. ಕ್ರೈಸ್ತ ನಂಬಿಕೆ ಎಷ್ಟು ಖಚಿತ ಅಂದರೆ ಅದನ್ನು ವಾದಕ್ಕೇ ಇಡುವ ಹಾಗಿಲ್ಲ ಅಂತ ಕ್ರೈಸ್ತರ ಕಡೆಯ ಲ್ಯಾಟಿನ್ ವರದಿ ಮೊದಲೇ ಹೇಳಿಬಿಡುತ್ತದೆ. ಅಂದಮೇಲೆ ಪಣಕ್ಕಿದ್ದದ್ದು ಒಬ್ಬರ ಧರ್ಮ ಮಾತ್ರ, ಅಲ್ವಾ? ರಬ್ಬಿಗೆ ಉತ್ತರ ಕೊಡಲಾಗಲಿಲ್ಲ ಅಂತಲೂ ಆ ವರದಿಯಲ್ಲಿದೆ. ರಬ್ಬಿ ಹೀಬ್ರೂನಲ್ಲಿ ಬರೆದದ್ದೇ ಬೇರೆ: ರಾಜ ತನ್ನನ್ನು ಮೆಚ್ಚಿ 300 ನಾಣ್ಯ ಕೊಟ್ಟು ಕಳಿಸಿದ ಅಂತ.

ಧೈರ್ಯವಾಗಿ ಮಾತಾಡಲು ರಬ್ಬಿ ಮೊದಲೇ ರಾಜನ ಅನುಮತಿ ಪಡೆದಿದ್ದರು. ಪಡೆದು ಸುಮ್ನೆ ಕೂರಲಿಲ್ಲ. ಮೆಸ್ಸೀಯ ಬಂದರೆ ಲೋಕದಲ್ಲಿ ಯುದ್ಧವೇ ಇರಬಾರದು, ಆಗ ನಿಮಗೂ ನಿಮ್ಮ ಸೈನಿಕರಿಗೂ ಎಷ್ಟು ಕಷ್ಟ ಅಂತ ರಾಜನ ಮುಖಕ್ಕೇ ಹೇಳಿದ್ದಾಗಿ ಬರೆದಿದ್ದಾರೆ. ಆ ಸಾಲು ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಆದರೆ ಆ ಅನುಮತಿ ಅವರನ್ನು ಜಾಸ್ತಿ ದಿನ ಕಾಪಾಡಲಿಲ್ಲ. ವಾದದ ಬಗ್ಗೆ ಬರೆದದ್ದಕ್ಕೇ 1265ರಲ್ಲಿ ಅವರ ಮೇಲೆ ಧರ್ಮನಿಂದೆಯ ಆರೋಪ ಬಂತು. ಎರಡು ವರ್ಷ ಗಡಿಪಾರು ಮಾಡಿ ಪುಸ್ತಕ ಸುಡೋಣ ಅಂದ ರಾಜ. ಡೊಮಿನಿಕನ್ನರಿಗೆ ಅದೂ ಸಾಲಲಿಲ್ಲ, ಪೋಪ್‌ವರೆಗೆ ಹೋದರು. 1267ರಲ್ಲಿ ಆ ಮುದುಕರು ಜೆರುಸಲೇಮಿನಲ್ಲಿದ್ದರು. ಮತ್ತೆ ಜಿರೋನಾಕ್ಕೆ ಬರಲಿಲ್ಲ.

ಇಂಥದ್ದಕ್ಕೆ ನಾನು ಇಬ್ಬರಿಗೂ ಸಮಾನ ನಿಮಿಷ ಹಂಚಿದ್ದೆ. ಮಕ್ಕಳು ಅದನ್ನು ಆಟ ಅಂದುಕೊಂಡರೆ ತಪ್ಪು ಅವರದಲ್ಲ.

ಈಗ ಬೆಲ್ಲೂ ಇಲ್ಲ, ಬಹುಮಾನವೂ ಇಲ್ಲ. ಎರಡೂ ವರದಿಗಳ ಸಾರಾಂಶವನ್ನು ಹೆಸರು ತೆಗೆದು ಜೆರಾಕ್ಸ್ ಮಾಡಿ ಕೊಡುತ್ತೇನೆ. ಯಾರು ಬರೆದಿರಬಹುದು, ಬರೆದವರಿಗೆ ಯಾರ ಭಯ ಇತ್ತು ಅಂತ ಮೊದಲು ಹುಡುಕಬೇಕು. ಪಾತ್ರ ಹಂಚುವುದು ಆಮೇಲೆ.

ಈ ವರ್ಷ ರಬ್ಬಿ ಪಾತ್ರದ ಹುಡುಗಿ ವಾದ ಶುರು ಮಾಡಲೇ ಇಲ್ಲ. ರಾಜನ ಕಡೆ ತಿರುಗಿ, ‘ಇಲ್ಲಿ ಮಾತಾಡಬಹುದು ಅಂದ್ರಿ. ಹೊರಗೆ ಹೋದ ಮೇಲೂ ಈ ಮಾತು ನಡೆಯುತ್ತಾ?’ ಅಂದಳು. ರಾಜನಾಗಿದ್ದ ಹುಡುಗ ನನ್ನ ಮುಖ ನೋಡಿದ. ನಾನು ಏನೂ ಹೇಳಿಕೊಡಲಿಲ್ಲ.