ಪೆಗ್ ಏರಿದರೂ ಸುರುಳಿ ನೆಟ್ಟಗೆ!

ಕಳ್ಳ ಕೊನೆಗೂ ಸಿಕ್ಕಿಬಿದ್ದ. ಸಾಫ್ಟ್‌ವೇರ್ ಒಳಗೇ ಕೂತಿದ್ದ.

ಕುಡಿದರೆ ಕೈ ಎಷ್ಟು ಹದ ತಪ್ಪುತ್ತೆ ಅಂತ ಅಳೆಯೋಕೆ ಗೆಳೆಯನಿಗೆ ಕುಡಿಸಿ, ಕಂಪ್ಯೂಟರಿಗೆ ಜೋಡಿಸಿದ ಪೆನ್ ಟ್ಯಾಬ್ಲೆಟ್ ಮೇಲೆ ಸುರುಳಿ, ಅಕ್ಷರ ಬರೆಸ್ತಿದ್ದೇನೆ. ನನ್ನ ತಲೆ ತಿಂದಿದ್ದು ಆರ್ಕಿಮಿಡೀಸ್ ಸುರುಳಿ, ಅಂದ್ರೆ ಸುತ್ತುಗಳ ನಡುವೆ ಒಂದೇ ಅಂತರ ಇರೋ ಸುರುಳಿ. ಕೈನಡುಕ ನೋಡೋಕೆ ನರರೋಗ ವೈದ್ಯರು ಬರೆಸ್ತಾರಲ್ಲ, ಅದೇ. ಕುಡಿದ ಗೆಳೆಯನ ನಾಲಿಗೆ ತೊದಲುತ್ತಿದೆ, ಪರದೆ ಮೇಲಿನ ಸುರುಳಿ ಮಾತ್ರ ಯಂತ್ರ ಎಳೆದಷ್ಟು ನಯ!

ಮೊದಲು ಉಸಿರಿನಲ್ಲಿರೋ ಮದ್ಯ ಅಳೆಯುವ ಎಂಕ್ಯೂ-3 ಸೆನ್ಸರ್ ಮೇಲೆ ಅನುಮಾನ ಬಂತು. ಮಾರಿದವನು 'ಜೋಡಿಸಿ, ಊದಿ' ಅಂತ ಬರೆದಿದ್ದ. ಡೇಟಾಶೀಟ್ ನೋಡಿದರೆ 24 ಗಂಟೆಗೂ ಜಾಸ್ತಿ ಬಿಸಿ ಮಾಡಬೇಕಂತೆ. ಅದೂ ಆಯ್ತು. ಬಾಯಲ್ಲಿ ಉಳಿದ ಮದ್ಯ ಲೆಕ್ಕ ಕೆಡಿಸದಿರಲಿ ಅಂತ ಕೊನೇ ಗುಟುಕಿನ ನಂತರ 15 ನಿಮಿಷ ಕಾದಿದ್ದೂ ಆಯ್ತು. ಸುರುಳಿ ಹಾಗೇ ಇತ್ತು.

ಸುಳಿವು ಸಿಕ್ಕಿದ್ದು ಕುಡಿಯದೇ ಎಳೆದ ಸುರುಳಿಯಲ್ಲಿ. ಆರೋಗ್ಯವಂತರ ಕೈಯೂ ಸೆಕೆಂಡಿಗೆ 8ರಿಂದ 12 ಸಲ ಸಣ್ಣಗೆ ನಡುಗುತ್ತೆ. ಇಲ್ಲಿ ಅದೂ ಇಲ್ಲ! ಡ್ರಾಯಿಂಗ್ ಆ್ಯಪ್‌ನ ಸ್ಟೆಬಿಲೈಸರ್ ಹಿಂದಿನ ಬಿಂದುಗಳ ಸರಾಸರಿ ತೆಗೆದು ಗೆರೆ ತಿದ್ದಿ ಕೊಡ್ತಿತ್ತು. ಚಿತ್ರಗಾರರಿಗೆ ವರ, ನಮಗೆ ಶಾಪ.

ಆ್ಯಪ್ ಬಿಟ್ಟು, ಟ್ಯಾಬ್ಲೆಟನ್ನು ಕಂಪ್ಯೂಟರಿಗೆ ಬೆಸೆಯುವ ಡ್ರೈವರ್ ಸಾಫ್ಟ್‌ವೇರ್‌ನಿಂದಲೇ ಬಿಂದುಗಳನ್ನು ಓದಿಸಿದೆ. ನಿಜರೂಪ ಈಗ ಬಯಲಾಯ್ತು. ಮಜಾ ಏನಂದ್ರೆ, ಸಣ್ಣ ನಡುಕ ಅಷ್ಟೇನೂ ಏರಿಲ್ಲ. ಗೆರೆ ತಿರುವಿನಲ್ಲಿ ಹೊರಗೆ ಹೋಗುತ್ತೆ, ತಡವಾಗಿ ಎಚ್ಚೆತ್ತು ಗಕ್ಕನೆ ಒಳಗೆ ಬಂದು ಸುರುಳಿಯ ಪಕ್ಕದ ಸುತ್ತನ್ನು ತಾಗುತ್ತೆ. ಚಲನೆ ತಿದ್ದುವ ಕಿರುಮೆದುಳಿಗೆ ಮದ್ಯ ಏಟು ಕೊಡುತ್ತಲ್ಲ, ಲೆಕ್ಕ ಸರಿಹೋಯ್ತು. ಎಸೆನ್ಷಿಯಲ್ ಟ್ರೆಮರ್ ಅನ್ನೋ ನಡುಕದ ಕಾಯಿಲೆ ಇರುವ ಎಷ್ಟೋ ಜನರಿಗೆ ಸ್ವಲ್ಪ ಕುಡಿದರೆ ನಡುಕ ಇಳಿಯೋದೂ ಉಂಟು. ಹಾಗಾಗಿ ನಡುಕ ಎಣಿಸಿ 'ಇವನು ಕುಡಿದಿದ್ದಾನೆ' ಅನ್ನೋಕಾಗಲ್ಲ. ದಾರಿ ಎಷ್ಟು ತಪ್ಪಿತು, ಎಷ್ಟು ಹೊತ್ತು ಹಿಡಿಯಿತು, ಅದನ್ನೇ ಅಳೀಬೇಕು.

ಕೈಬರಹದ್ದು ಬರಿಗಣ್ಣಿಗೇ ಕಾಣುತ್ತೆ. ಅಕ್ಷರ ಊದಿಕೊಂಡಿವೆ, ಪದಗಳ ನಡುವೆ ಜಾಗ ಜಾಸ್ತಿ. 'ರಾಷ್ಟ್ರ'ದ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆದಿವೆ. ಕೈಬರಹ ಪರೀಕ್ಷಿಸುವ ದಸ್ತಾವೇಜು ತಜ್ಞರು ಅಕ್ಷರದ ಎತ್ತರ, ಅಗಲ ನೋಡೋದು ಸುಮ್ನೆ ಅಲ್ಲ.

ಇನ್ನೊಂದು ತಲೆನೋವು ಬಾಕಿ ಇದೆ: ಅಭ್ಯಾಸ. ಬರೆದಂತೆಲ್ಲ ಕೈ ಪಳಗುತ್ತೆ, ಅಂಕ ಏರುತ್ತೆ, ನಶೆ ಅದರಡಿ ಅಡಗುತ್ತೆ. ಕೈ ಪೂರ್ತಿ ಪಳಗುವವರೆಗೆ ಕುಡಿಸದೇ ಬರೆಸಬೇಕು. ಗೆಳೆಯ ಈಗಾಗಲೇ ಮುಖ ಸಿಂಡರಿಸಿದ್ದಾನೆ.

ಅಷ್ಟರಲ್ಲಿ ಮುಂದಿನದಕ್ಕೆ ಕೈ ಹಾಕಿದ್ದೇನೆ. ಕಣ್ಣು ಮುಚ್ಚಿ ನಿಂತಾಗ ದೇಹ ಎಷ್ಟು ಓಲಾಡುತ್ತೆ ಅಂತ ಅಳೆಯುವ ಹಲಗೆ: ನಾಲ್ಕು ಮೂಲೆಗೆ ತೂಕ ಅಳೆಯುವ ಲೋಡ್ ಸೆಲ್, ಒಂದೊಂದನ್ನೂ ಬೇರೆಬೇರೆ ಓದೋಕೆ ಒಂದೊಂದು ಎಚ್‌ಎಕ್ಸ್711 ಚಿಪ್. ಬಂದ ಸೆಲ್‌ಗಳಲ್ಲಿ ಮೂರು 50 ಕೆಜಿಯವು, ನಾಲ್ಕನೆಯದು 5 ಕೆಜಿಯದು. ಪ್ಯಾಕ್ ಮಾಡಿದವನ ಕೈಬರಹ ನೋಡಬೇಕಿತ್ತು.