ಠಾಣೆಗೂ ಮಾನ್ಯತೆ ಬೇಡವಾ?

ಇವತ್ತು ಪಕ್ಕದ ಮನೆ ಕಾಕಾನ ಜೊತೆ ಕಲಬುರಗಿಯ ಒಂದು ಠಾಣೆಗೆ ಹೋಗಿದ್ದೆ, ಬೈಕ್ ಕಳವಿನ ದೂರು. ಎಫ್‌ಐಆರ್ ಪ್ರತಿ ಕೇಳಿದ್ದಕ್ಕೆ "ನಾಳೆ ಬರ್ರಿ" ಅಂದರು.

ದೂರು ಕೊಟ್ಟವರಿಗೆ ಆ ಪ್ರತಿ ಪುಕ್ಕಟೆ ಕೊಡಬೇಕು ಅಂತ ಕಾನೂನೇ ಹೇಳುತ್ತದೆ. ಕಾಕಾ ಏನೂ ಮಾತಾಡದೆ ಟೋಪಿ ಸರಿ ಮಾಡಿಕೊಂಡು ಎದ್ದುಬಿಟ್ಟರು, ನನಗೆ ಅದೇ ಜಾಸ್ತಿ ನೋವಾಯಿತು.

ಕಾಲೇಜಿಗೆ ಗುಣಮಟ್ಟ ನೋಡಿ ಮಾನ್ಯತೆ ಕೊಡೋಕೆ ನ್ಯಾಕ್ ಇದೆ, ಆಸ್ಪತ್ರೆಗೆ ಅಂಥದ್ದೇ ಎನ್‌ಎಬಿಎಚ್ ಇದೆ. ಅಮೆರಿಕದಲ್ಲಿ ಪೊಲೀಸ್ ಇಲಾಖೆಗಳಿಗೆ ಮಾನ್ಯತೆ ಕೊಡುವ ಸಂಸ್ಥೆ 1979ರಿಂದಲೇ ಇದೆ. ನಮ್ಮಲ್ಲಿ ಪೊಲೀಸ್ ಸುಧಾರಣೆ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 2006ರ ಪ್ರಕಾಶ್ ಸಿಂಗ್ ತೀರ್ಪು ಬೇರೆ ನಿರ್ದೇಶನಗಳ ಜೊತೆ ಪೊಲೀಸರ ಮೇಲಿನ ದೂರು ಕೇಳುವ ಪ್ರಾಧಿಕಾರದ ಬಗ್ಗೆಯೂ ಹೇಳಿತು, ಆದರೆ ಆ ಪ್ರಾಧಿಕಾರ ತಪ್ಪು ನಡೆದ ಮೇಲಿನ ಮಾತು. ಅದಕ್ಕೂ ಮೊದಲೇ ಬಂದು ರಿಜಿಸ್ಟರ್, ಲಾಕಪ್, ಕ್ಯಾಮೆರಾ ಎಲ್ಲಾ ನೋಡಿ ಮಾನ್ಯತೆ ಕೊಡುವ, ಬೇಕಾದರೆ ಕಿತ್ತುಕೊಳ್ಳುವ ಒಂದು ರಾಜ್ಯ ಮಂಡಳಿ ನಮಗೂ ಬೇಕು ಅಲ್ವಾ? ಅದರಲ್ಲಿ ಬರೀ ಪೊಲೀಸರೇ ಇದ್ದರೆ ಸಾಲದು, ಕಾಕಾನಂಥವರೂ ಕೂತಿರಬೇಕು.