ಬಳ್ಳಿಯಿಂದ ಬಂದ ಸುದ್ದಿ

ಮೊನ್ನೆ ಇಡೀ ಮಧ್ಯಾಹ್ನ ಕಾಫಿ ಕಣದಲ್ಲೇ ಹೋಯಿತು. ಮೋಡ ಕಂಡರೆ ಟಾರ್ಪಾಲು ಹೊದಿಸೋದು, ಬಿಸಿಲು ಬಂದರೆ ತೆಗೆಯೋದು, ಮತ್ತೆ ಮೋಡ. ಜೊತೆಗೆ ಮೊಬೈಲಿನಲ್ಲಿ ಒಂದೇ ಹಾಡು: 'ಐ ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್'.

ಕಥೆ ಸಣ್ಣದು. ಪ್ರೀತಿಸಿದವರ ಮನಸ್ಸು ಹಳೇ ಜೊತೆಗಾರರ ಕಡೆ ವಾಲಿದೆ, ಆದ್ರೆ ಅದನ್ನು ಅವರು ಹೇಳಿಲ್ಲ, ಮಂದಿ ಹೇಳಿದ್ದಾರೆ. ಅಲ್ಲಿ ದ್ರಾಕ್ಷಿ ಬಳ್ಳಿ ಅಂದರೆ ಗಾಳಿಸುದ್ದಿ. ಚಿಕ್ಕಮಗಳೂರಿನ ನಮ್ಮ ತೋಟದಲ್ಲಿ ಇರೋದು ಸಿಲ್ವರ್ ಓಕ್‌ಗೆ ಹಬ್ಬಿದ ಮೆಣಸಿನ ಬಳ್ಳಿ, ಆದ್ರೆ ಸುದ್ದಿ ಹಬ್ಬೋದರಲ್ಲಿ ನಾವೇನೂ ಕಮ್ಮಿ ಇಲ್ಲ. ನಾನು ಬೆಂಗಳೂರಿನ ಕೆಲಸ ಬಿಟ್ಟ ವಿಷಯ ಮನೆಗೆ ಹೇಳೋಕೆ ಧೈರ್ಯ ಮಾಡುವಷ್ಟರಲ್ಲಿ ಆಲ್ದೂರಿನ ಹೋಟೆಲಿನಲ್ಲಿ ಯಾರೋ ಅಪ್ಪನ ಕಿವಿಗೆ ಹಾಕಿಯಾಗಿತ್ತು. ಅಪ್ಪ ಫೋನಿನಲ್ಲಿ "ಯಾವಾಗ ಬರ್ತೀಯ?" ಅಂದರು, ಅಷ್ಟೇ.

ಹಾಡು ಬರೆದವರು ನಾರ್ಮನ್ ವಿಟ್‌ಫೀಲ್ಡ್ ಮತ್ತು ಬ್ಯಾರೆಟ್ ಸ್ಟ್ರಾಂಗ್, 1966ರಲ್ಲಿ, ಅಮೆರಿಕದ ಡೆಟ್ರಾಯಿಟಿನ ಮೋಟೌನ್ ಅನ್ನೋ ರೆಕಾರ್ಡ್ ಕಂಪನಿಗೆ. ಮೊದಲು ಮಿರಕಲ್ಸ್ ತಂಡ ಹಾಡಿತು. ಯಜಮಾನ ಬೆರಿ ಗಾರ್ಡಿ ಒಪ್ಪಲಿಲ್ಲ. 1967ರಲ್ಲಿ ಮಾರ್ವಿನ್ ಗೇ ಹಾಡಿದ, ಅದೂ ಮೂಲೆಗೆ ಬಿತ್ತು. ವಿಟ್‌ಫೀಲ್ಡ್ ಹಠ ಬಿಡದೆ ಗ್ಲ್ಯಾಡಿಸ್ ನೈಟ್ ಮತ್ತು ಪಿಪ್ಸ್ ಹತ್ತಿರ ಹಾಡಿಸಿದ. ಅದೇ ವರ್ಷ ಬಿಡುಗಡೆಯಾಗಿ ಅಲ್ಲಿನ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಹೋಯಿತು.

ಗ್ಲ್ಯಾಡಿಸ್‌ದು ಓಡುವ ಹಾಡು. ಅತ್ತಿಗೆ ಕಾಫಿ ಕೆದಕುತ್ತಲೇ ಕೇಳಿ "ಇವಳು ಅಳ್ತಿಲ್ಲ ಕಣೋ, ಸರಿಯಾಗಿ ಬೈತಿದ್ದಾಳೆ" ಅಂದರು. ಪಿಪ್ಸ್ ಅಂದರೆ ಅವಳ ಅಣ್ಣ, ಜೊತೆಗೆ ಇಬ್ಬರು ಸೋದರ ಸಂಬಂಧಿಗಳು ಅಂತ ಹೇಳಿದೆ. "ಮತ್ತೆ? ತವರಿನವರು ಬೆನ್ನಿಗೆ ನಿಂತಿದ್ದಾರೆ, ಬೈಯ್ದೆ ಇರ್ತಾಳಾ?"

ಮಾರ್ವಿನ್‌ದು ಬೇರೇನೇ. ಶುರುವಿನ ಎಲೆಕ್ಟ್ರಿಕ್ ಪಿಯಾನೋದಲ್ಲೇ ಏನೋ ಕೆಟ್ಟದ್ದು ಬರ್ತಿದೆ ಅನ್ನಿಸುತ್ತದೆ. ಅವನಿಗೆ ಆರಾಮಾಗಿ ಸಿಗುವ ಶ್ರುತಿಗಿಂತ ಮೇಲಿನ ಶ್ರುತಿಯಲ್ಲಿ ಹಾಡಿಸಿದ್ದು ವಿಟ್‌ಫೀಲ್ಡ್, ಬೇಕಂತಲೇ. ಎಟುಕದ್ದಕ್ಕೆ ಕೈ ಚಾಚಿದ ಹಾಗೆ ಗಂಟಲು ಚೂರು ಒಡೆಯುತ್ತದೆ ನೋಡಿ, ಆ ಜಾಗಕ್ಕೇ ನಾನು ಮತ್ತೆ ಮತ್ತೆ ಹಿಂದೆ ಹೋಗೋದು. 1968ರಲ್ಲಿ ಇದನ್ನು ಒಂದು ಆಲ್ಬಮ್ಮಿನೊಳಗೆ ಸೇರಿಸಿದರು, ರೇಡಿಯೋದವರು ಬಿಡದೆ ಹಾಕತೊಡಗಿದರು, ಕೊನೆಗೆ ಕಂಪನಿಯೇ ಅಕ್ಟೋಬರಿನಲ್ಲಿ ಬಿಡಿಯಾಗಿ ಹೊರತಂದಿತು. ಡಿಸೆಂಬರಿನಿಂದ 7 ವಾರ ಮೊದಲ ಸ್ಥಾನ! ಬೇಡ ಅಂತ ಇಟ್ಟ ಹಾಡು.

1970ರಲ್ಲಿ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಅನ್ನೋ ರಾಕ್ ತಂಡದವರು ಇದನ್ನೇ 11 ನಿಮಿಷ ಎಳೆದಿದ್ದಾರೆ. ಗಿಟಾರ್ ಚೆನ್ನಾಗಿದೆ, ನೋವು ನಡುವೆ ಎಲ್ಲೋ ಕಳೆದುಹೋಗುತ್ತದೆ.

ಮೊದಲೆಲ್ಲ ನಾನು ಮಾರ್ವಿನ್ ಕಡೆಯವನೇ. ಈಗ ಅತ್ತಿಗೆ ಮಾತು ಕೇಳಿದ ಮೇಲೆ ಗ್ಲ್ಯಾಡಿಸ್‌ದೂ ಜಾಸ್ತಿ ಹಾಕ್ತಿದ್ದೀನಿ. ಸಂಜೆ ಅಪ್ಪ ಕಣಕ್ಕೆ ಬಂದಾಗ ಸುಮ್ನೆ ಎರಡನ್ನೂ ಕೇಳಿಸಿ, ಅರ್ಥ ಹೇಳಿದೆ. ಅವರು ಒಂದು ಹಿಡಿ ಕಾಫಿ ಎತ್ತಿ ಒಣಗಿದೆಯಾ ಅಂತ ನೋಡುತ್ತಾ, "ಇಷ್ಟೆಲ್ಲ ಕೂಗಾಡೋ ಬದಲು ಒಂದು ಸಲ ಮನೆಗೆ ಕರೆದು ಊಟಕ್ಕೆ ಕೂರಿಸಬೇಕಿತ್ತಪ್ಪ, ತಾನಾಗೇ ಹೇಳ್ತಿದ್ರು" ಅಂದರು.

ನಾನು ಟಾರ್ಪಾಲು ಎಳೆಯೋಕೆ ಎದ್ದೆ.